ಅಡುಗೆಮನೆಯನ್ನು ಕೈಬಿಟ್ಟ ಕಾನೂನು

ಬ್ರಿಸ್ಟಲ್ ನಗರದ ಮನೆಯೊಂದರ ಅಡುಗೆಕಟ್ಟೆಯ ಮೇಲೆ, ಈಗಿರುವ ಸರ್ಕ್ಯೂಟ್‌ನಿಂದಲೇ ವೈರ್ ಎಳೆದು ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿದರೆ ಅದನ್ನು ಯಾವ ಕಚೇರಿಗೂ ತಿಳಿಸಬೇಕಿಲ್ಲ. ಸೆವರ್ನ್ ಸೇತುವೆ ದಾಟಿ ವೇಲ್ಸ್‌ನ ನ್ಯೂಪೋರ್ಟ್‌ಗೆ ಹೋದರೆ ಅದೇ ಕೆಲಸವನ್ನು ಕಟ್ಟಡ ನಿಯಂತ್ರಣ ವಿಭಾಗದ ಗಮನಕ್ಕೆ ತರಲೇಬೇಕು. ಎರಡೂ ಕಡೆ 230 ವೋಲ್ಟ್, ಎರಡೂ ಕಡೆ ಸಿಂಕು, ನಲ್ಲಿ, ಒದ್ದೆ ಕೈ. ಲಂಡನ್ನಿನ ಸರ್ಕಾರ 2013ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುವಂತೆ ತಂದ ತಿದ್ದುಪಡಿಯೇ ಈ ವ್ಯತ್ಯಾಸಕ್ಕೆ ಕಾರಣ. ಆ ತಿದ್ದುಪಡಿ ತಪ್ಪು.

‘ಪಾರ್ಟ್ ಪಿ’ ಎಂದು ಕರೆಯಲಾಗುವ ನಿಯಮ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಜನವರಿ 1ರಂದು ಜಾರಿಗೆ ಬಂತು. ಮನೆಯ ವೈರಿಂಗ್ ಕೆಲಸ ಕಟ್ಟಡ ನಿಯಮಗಳ ಹಿಡಿತಕ್ಕೆ ಬಂದದ್ದು ಆಗಲೇ. ಹೊಸ ಸರ್ಕ್ಯೂಟ್, ಫ್ಯೂಸ್ ಬೋರ್ಡ್ ಬದಲಾವಣೆ, ಬಚ್ಚಲುಮನೆಯ ಕೆಲಸಗಳ ಜೊತೆಗೆ ಅಡುಗೆಮನೆ ಮತ್ತು ತೋಟದ ಕೆಲಸಗಳನ್ನೂ ತಿಳಿಸಬೇಕಿತ್ತು. ಎಂಟು ವರ್ಷಗಳ ನಂತರ ಇಂಗ್ಲೆಂಡಿನ ಪಟ್ಟಿಯಿಂದ ಕೊನೆಯ ಎರಡನ್ನು ತೆಗೆದುಹಾಕಲಾಯಿತು. ಅಲ್ಲಿ ಈಗ ಹೊಸ ಸರ್ಕ್ಯೂಟ್ ಎಳೆದರೆ, ಫ್ಯೂಸ್ ಬೋರ್ಡ್ ಬದಲಿಸಿದರೆ, ಇಲ್ಲವೇ ಸ್ನಾನದ ತೊಟ್ಟಿ, ಶವರ್, ಈಜುಕೊಳಗಳ ಹತ್ತಿರದ ವೈರಿಂಗ್ ಮುಟ್ಟಿದರೆ ಮಾತ್ರ ತಿಳಿಸಿದರೆ ಸಾಕು.

ಅಡುಗೆಮನೆಯಲ್ಲಿ ಏನಾಗಬಹುದು ಎಂಬುದು ಇಂಗ್ಲೆಂಡಿಗೆ ತಿಳಿಯದ ಸಂಗತಿಯಲ್ಲ. ನಿಯಮ ಜಾರಿಯಾಗುವ ಕೆಲವೇ ತಿಂಗಳ ಮೊದಲು, 2004ರಲ್ಲಿ, ಆಗ ಸಂಸದೆಯಾಗಿದ್ದ ಜೆನ್ನಿ ಟಾಂಗ್ ಅವರ ಮಗಳು ತಮ್ಮದೇ ಅಡುಗೆಮನೆಯಲ್ಲಿ ವಿದ್ಯುತ್ ತಗುಲಿ ಸತ್ತರು. ಗೋಡೆಯೊಳಗೆ ಕೇಬಲ್ಲನ್ನು ಓರೆಯಾಗಿ ಎಳೆಯಲಾಗಿತ್ತು. ಪಾತ್ರೆ ಸಾಮಾನು ತೂಗುಹಾಕುವ ಲೋಹದ ಸ್ಟ್ಯಾಂಡನ್ನು ಗೋಡೆಗೆ ಬಿಗಿದಾಗ ಸ್ಕ್ರೂ ಆ ಕೇಬಲ್ಲಿಗೆ ತಾಗಿ, ಇಡೀ ಸ್ಟ್ಯಾಂಡಿನಲ್ಲಿ ಕರೆಂಟ್ ಹರಿಯಿತು.

ಬ್ರಿಟನ್ನಿನ ವೈರಿಂಗ್ ಮಾನದಂಡ ಬಿ.ಎಸ್. 7671ರ ಪ್ರಕಾರ, ಪ್ಲಾಸ್ಟರಿನೊಳಗೆ ಹುದುಗಿಸಿದ ಕೇಬಲ್ ಸ್ವಿಚ್ಚು ಅಥವಾ ಸಾಕೆಟ್ಟಿನಿಂದ ನೇರವಾಗಿ ಮೇಲೆ, ಕೆಳಗೆ ಇಲ್ಲವೇ ಪಕ್ಕಕ್ಕೆ ಹೋಗಬೇಕು. ಗೋಡೆಗೆ ಮೊಳೆ ಹೊಡೆಯುವವರು ಸ್ವಿಚ್ಚು ನೋಡಿಯೇ ಕೇಬಲ್ ಎಲ್ಲಿದೆ ಎಂದು ಊಹಿಸಬಲ್ಲರು. ಓರೆಯಾಗಿ ಎಳೆದ ಕೇಬಲ್ಲಿನ ಸುಳಿವು ಮಾತ್ರ ಯಾರಿಗೂ ಸಿಗುವುದಿಲ್ಲ. ಗಾರೆ ಮುಚ್ಚಿ ಟೈಲ್ಸ್ ಅಂಟಿಸಿದ ಮೇಲೆ ಪರೀಕ್ಷಾಧಿಕಾರಿಗೂ ಅದು ಕಾಣದು. ಆದ್ದರಿಂದ ಕೆಲಸ ನಡೆಯುತ್ತಿರುವುದು ಮೊದಲೇ ಹೊರಗಿನವರಿಗೆ ಗೊತ್ತಿರಬೇಕು.

ವಿರೋಧಿಗಳ ವಾದದಲ್ಲಿ ಹುರುಳೇ ಇಲ್ಲ ಎನ್ನಲಾಗದು. ಮನೆಗಳಿಗೆ ಬೆಂಕಿ ಬೀಳಲು ಗೋಡೆಯ ವೈರಿಗಿಂತ ಉಪಕರಣಗಳೇ ಹೆಚ್ಚು ಕಾರಣ ಎನ್ನುತ್ತಾರೆ. 2017ರ ಜೂನ್ 14ರಂದು 72 ಜನರನ್ನು ಬಲಿತೆಗೆದುಕೊಂಡ ಗ್ರೆನ್‌ಫೆಲ್ ಟವರ್ ಬೆಂಕಿ ಹೊತ್ತಿಕೊಂಡದ್ದು ಒಂದು ಫ್ರಿಜ್‌ನಲ್ಲಿ. ಪಾರ್ಟ್ ಪಿ ಅದನ್ನು ತಡೆಯುತ್ತಿರಲಿಲ್ಲ, ನಿಜ. ಸೋರಿಕೆಯಾದ ಕರೆಂಟನ್ನು ಕ್ಷಣಾರ್ಧದಲ್ಲಿ ಕಡಿಯುವ ಆರ್‌ಸಿಡಿ ಈಗ ಹೊಸ ಕೆಲಸಗಳಲ್ಲಿ ಬಹುತೇಕ ಕಡ್ಡಾಯ, ಆದ್ದರಿಂದ ಭಯವಿಲ್ಲ ಎಂಬುದು ಇನ್ನೊಂದು ವಾದ.

ಈ ಎರಡನೆಯ ವಾದ ನಿಲ್ಲುವುದಿಲ್ಲ. ಹಳೆಯ ಮನೆ, ಹಳೆಯ ಫ್ಯೂಸ್ ಬೋರ್ಡ್, ಆರ್‌ಸಿಡಿ ಇಲ್ಲ. ಅಡುಗೆಮನೆ ನವೀಕರಿಸುವವರು ಅದೇ ಹಳೆಯ ಸರ್ಕ್ಯೂಟಿಗೆ ಎರಡು ಪಾಯಿಂಟ್ ಜೋಡಿಸಿ ಹೋಗುತ್ತಾರೆ. ಮಾನದಂಡದಂತೆ ಆರ್‌ಸಿಡಿ ಹಾಕಬೇಕಿತ್ತು. ಹಾಕಿಲ್ಲವೆಂದರೆ ಕೇಳುವವರು ಯಾರು? ತಿಳಿಸಬೇಕಿಲ್ಲದ ಕೆಲಸವೂ ಸುರಕ್ಷಿತವಾಗಿರಲೇಬೇಕು ಎಂದು ಕಾನೂನು ಈಗಲೂ ಹೇಳುತ್ತದೆ. ಆದರೆ ಕೆಲಸ ನಡೆದದ್ದೇ ಗೊತ್ತಾಗದಿದ್ದರೆ ಆ ಮಾತು ಕಾಗದದ ಮೇಲೆಯೇ ಉಳಿಯುತ್ತದೆ. ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು 2020ರಲ್ಲಿ ನಿಯಮ ಬಂತು. ಮಾಲೀಕರೇ ವಾಸಿಸುವ ಮನೆಗೆ ಆ ಕಡ್ಡಾಯವೂ ಇಲ್ಲ.

ಶುಲ್ಕದ ಬಗೆಗಿನ ದೂರು ಮಾತ್ರ ನ್ಯಾಯವಾದದ್ದು. ಎನ್‌ಐಸಿಇಐಸಿ, ನಾಪಿಟ್‌ನಂತಹ ಸಂಸ್ಥೆಗಳಲ್ಲಿ ನೋಂದಾಯಿಸಿದ ಎಲೆಕ್ಟ್ರಿಷಿಯನ್ ತನ್ನ ಕೆಲಸಕ್ಕೆ ತಾನೇ ಪ್ರಮಾಣಪತ್ರ ಕೊಡಬಹುದು. ಸ್ಥಳೀಯ ಸಂಸ್ಥೆಗೆ ಮಾಹಿತಿಯೂ ಆ ದಾರಿಯಲ್ಲೇ ಹೋಗುತ್ತದೆ. ತಾನೇ ವೈರಿಂಗ್ ಮಾಡಿಕೊಳ್ಳುವ ಮನೆಯೊಡೆಯ ಮಾತ್ರ ಮೊದಲೇ ಅರ್ಜಿ ಹಾಕಿ, ಹಲವು ಕಡೆ ನೂರಾರು ಪೌಂಡ್ ಕಟ್ಟಬೇಕು. ನಿಯಮ ಪಾಲಿಸುವವರಿಗೆ ದಂಡ, ಮುಚ್ಚಿಡುವವರಿಗೆ ಉಳಿತಾಯ. ಇದಕ್ಕೆ ಪರಿಹಾರ ಶುಲ್ಕ ಇಳಿಸುವುದಾಗಿತ್ತು. ಸರ್ಕಾರ ಅಡುಗೆಮನೆಯನ್ನೇ ಪಟ್ಟಿಯಿಂದ ಇಳಿಸಿತು.

ಮುಚ್ಚಿಟ್ಟದ್ದು ಹೊರಬರುವುದು ಹೆಚ್ಚಾಗಿ ಮನೆ ಮಾರುವಾಗ. ತಿಳಿಸಬೇಕಾಗಿದ್ದ ಕೆಲಸದ ಪ್ರಮಾಣಪತ್ರ ಎಲ್ಲಿ ಎಂದು ಕೊಳ್ಳುವವರ ವಕೀಲರು ಕೇಳುತ್ತಾರೆ. ನಮ್ಮ ಅಕ್ರಮ-ಸಕ್ರಮದಂತೆ ಅಲ್ಲಿಯೂ ಹಳೆಯ ಕೆಲಸವನ್ನು ತಪಾಸಣೆ ಮಾಡಿಸಿ ಸಕ್ರಮಗೊಳಿಸಿಕೊಳ್ಳುವ ದಾರಿ ಇದೆ. ಆದರೂ ಎಷ್ಟೋ ಜನ ಅಗ್ಗದ ವಿಮಾ ಪಾಲಿಸಿಯೊಂದನ್ನು ಕೊಂಡು ವ್ಯವಹಾರ ಮುಗಿಸುತ್ತಾರೆ. ಸ್ಥಳೀಯ ಸಂಸ್ಥೆ ಕ್ರಮ ಕೈಗೊಂಡರೆ ಆಗುವ ನಷ್ಟವನ್ನು ಆ ಪಾಲಿಸಿ ತುಂಬಿಕೊಡುತ್ತದೆ. ಗೋಡೆಯೊಳಗಿನ ಕೆಟ್ಟ ಜೋಡಣೆ ಹಾಗೆಯೇ ಹೊಸ ಕುಟುಂಬದ ಪಾಲಾಗುತ್ತದೆ.

ಅಲ್ಲಿ ಮನೆ ಕೊಂಡ ಕನ್ನಡಿಗರಿಗೆ ಇನ್ನೂ ಒಂದು ಅಪಾಯವಿದೆ. ನಮ್ಮ ಮನೆಗಳಲ್ಲಿ ಕಪ್ಪು ವೈರ್ ಎಂದರೆ ನ್ಯೂಟ್ರಲ್. ನೀಲಿ ಮೂರು ಫೇಸ್‌ಗಳಲ್ಲೊಂದು. ಬ್ರಿಟನ್ನಿನಲ್ಲೂ ಹಿಂದೆ ಹಾಗೆಯೇ ಇತ್ತು. 2004 ಮತ್ತು 2006ರ ನಡುವೆ ಅವರು ಬಣ್ಣ ಬದಲಿಸಿದರು: ಈಗ ಕಂದು ಫೇಸ್, ನೀಲಿ ನ್ಯೂಟ್ರಲ್, ಮೂರು ಫೇಸ್ ಇರುವಲ್ಲಿ ಕಪ್ಪೂ ಫೇಸ್. ಒಂದೇ ಮನೆಯಲ್ಲಿ ಹಳೆಯ, ಹೊಸ ಬಣ್ಣಗಳೆರಡೂ ಸಿಗಬಹುದು. ಊರಿನ ರೂಢಿಯಂತೆ ಟೆಸ್ಟರ್ ಹಿಡಿದು ತಾವೇ ಬಿಚ್ಚಲು ಹೋಗಬೇಡಿ.

ಲಂಡನ್ನಿನ ಸರ್ಕಾರ ಅಡುಗೆಮನೆಯನ್ನು ಮತ್ತೆ ಪಟ್ಟಿಗೆ ಸೇರಿಸಬೇಕು. ಸ್ವಂತ ಕೈಯಿಂದ ಕೆಲಸ ಮಾಡಿಕೊಂಡು ಪ್ರಾಮಾಣಿಕವಾಗಿ ತಿಳಿಸುವವರ ಶುಲ್ಕವನ್ನು ಅವರ ಕೈಗೆಟುಕುವಷ್ಟಕ್ಕೆ ಇಳಿಸಬೇಕು. ಅಲ್ಲಿಯವರೆಗೆ, ಆ ದೇಶದಲ್ಲಿ ನಿಮ್ಮ ಮಕ್ಕಳೋ ನೆಂಟರೋ ಅಡುಗೆಮನೆ ಹೊಸದು ಮಾಡಿಸುತ್ತಿದ್ದರೆ ಒಂದು ಫೋನ್ ಮಾಡಿ ಹೇಳಿ: ಕಾನೂನು ಕೇಳದಿದ್ದರೂ ನೋಂದಾಯಿತ ಎಲೆಕ್ಟ್ರಿಷಿಯನ್ನನ್ನೇ ಕರೆಯಲಿ, ಆರ್‌ಸಿಡಿ ಇದೆಯೇ ನೋಡಲಿ, ಪ್ರಮಾಣಪತ್ರವನ್ನು ಬರಹದಲ್ಲಿ ಪಡೆದುಕೊಳ್ಳಲಿ.