ಎಂಜಿನ್ ಇಳಿಸೋ ಮುಂಚೆ ಕಾರಣ ತೋರಿಸಿ

1/6
ಹಳೇ ಪಿಕಪ್ ಎಳೀತಿಲ್ಲ ಅಂತ ಗ್ಯಾರೇಜಿಗೆ ಹೋದ್ರೆ ಬಾನೆಟ್ ಎತ್ತೋಕೂ ಮುಂಚೆ ಉತ್ತರ ರೆಡಿ: "ಎಂಜಿನ್ ಹೋಗಿದೆ, ಇಳಿಸ್ಬೇಕು." ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಅಂದ್ರೆ ಇದೇ ಕಣ್ರೋ. ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಫೀಸು ಹಳೇ 207, ಬೊಲೆರೊ ಪಿಕಪ್‌ಗಳ ಬಾಡಿಗೆಯಿಂದ ಬರುತ್ತೆ. ಅಡಿಕೆ ಸೀಸನ್ನಲ್ಲಿ ಆ ಗಾಡಿ ಹದಿನೈದು ದಿನ ನಿಂತ್ರೆ ಮನೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು. ಪೂರ್ತಿ ಓದಿ. ಅಪ್ಪನಿಗೂ ಓದಿ ಹೇಳಿ.

2/6
ಮೊದಲು ನಮ್ಮ ರೀಲ್ಸ್ ವಿಷಯ. ಕಪ್ಪು ಹೊಗೆ ಉಗುಳೋ ಗಾಡಿಗೆ ಬಿಜಿಎಂ ಹಾಕಿ "ಪವರ್ ನೋಡ್ರೋ" ಅಂತೀರಲ್ಲ, ಅದು ಪೂರ್ತಿ ಉರಿಯದೆ ಹೊರಗೆ ಹೋಗ್ತಿರೋ ಡೀಸೆಲ್. ಅಂದ್ರೆ ನಿಮ್ಮಪ್ಪನ ದುಡ್ಡು.

ಮೆಕ್ಯಾನಿಕಲ್ ಪಂಪ್ ಇರೋ ಹಳೇ ಗಾಡಿಗೆ ಸ್ಕ್ಯಾನರ್ ಹಾಕೋಕೆ ಕಂಪ್ಯೂಟರ್ ಇರಲ್ಲ. ಅದರ ರಿಪೋರ್ಟ್ ಹೊಗೆನೇ.
▪️ಕಪ್ಪು: ಗಾಳಿ ಸಾಲ್ತಿಲ್ಲ, ಇಲ್ಲಾ ಡೀಸೆಲ್ ಜಾಸ್ತಿ. ಏರ್ ಫಿಲ್ಟರ್, ಟರ್ಬೊ ಇದ್ರೆ ಅದರ ಹೋಸ್, ಆಮೇಲೆ ನಾಜಲ್, ಪಂಪ್ ಸೆಟ್ಟಿಂಗ್.
▪️ನೀಲಿ: ಆಯಿಲ್ ಸುಡ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್.
▪️ಬಿಳಿ: ಬೆಳಗಿನ ಚಳಿಗೆ ಸ್ವಲ್ಪ ಬಂದು ನಿಂತ್ರೆ ಚಿಂತೆ ಬೇಡ. ಎಂಜಿನ್ ಬಿಸಿಯಾದ ಮೇಲೂ ಬರ್ತಿದ್ದು ರೇಡಿಯೇಟರ್ ನೀರೂ ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.
▪️ಹೊಗೆನೂ ಇಲ್ಲ, ಎಳೆತನೂ ಇಲ್ಲ: ಬಹುಶಃ ಡೀಸೆಲ್ ಸಾಕಷ್ಟು ತಲುಪ್ತಾನೇ ಇಲ್ಲ.

3/6
ಆ ಕೊನೇದೇ ನಮ್ಮ ಮಾವನ ಗಾಡಿಗೆ ಆಗಿದ್ದು. ಖಾಲಿ ಇದ್ರೆ ಸರಿ. ಭದ್ರಾವತಿಯಿಂದ ಲೋಡ್ ಹಾಕ್ಕೊಂಡು ಬಿ.ಎಚ್. ರಸ್ತೆಗೆ ಬಂದ್ರೆ ನಾಲ್ಕನೇ ಗೇರಲ್ಲಿ ಉಸಿರು ಕಟ್ಟೋದು. ಒಂದು ಗ್ಯಾರೇಜಲ್ಲಿ "ಬೋರ್ ಮಾಡಿಸಿ" ಅಂದ್ರು. ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಏನೂ ಬಿಚ್ಚಲಿಲ್ಲ. ಫಿಲ್ಟರ್‌ಗೂ ಪಂಪ್‌ಗೂ ಮಧ್ಯೆ ಒಂದು ಅಡಿ ಒಳಗೆ ಕಾಣೋ ಪೈಪ್ ಸಿಕ್ಕಿಸಿ ಎಂಜಿನ್ ರೇಸ್ ಮಾಡಿದ್ರು. ಡೀಸೆಲ್ ಜೊತೆ ಗಾಳಿಗುಳ್ಳೆ! ಟ್ಯಾಂಕಿಂದ ಬರೋ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಎಳ್ಕೊಳ್ತಿತ್ತು. ಹೊಸ ಪೈಪು, ಎರಡು ಕ್ಲಿಪ್ಪು. ಸಂಜೆ ಗಾಡಿ ಮತ್ತೆ ಬಾಡಿಗೆಗೆ.

4/6
ಬಿಕಾಂನಲ್ಲಿ ಕಾಸ್ಟಿಂಗ್ ಓದ್ತೀವಲ್ಲ? ಇಲ್ಲಿ ಬಳಸಿ. ಖರ್ಚು ಕಡಿಮೆ ಇರೋ ಪರೀಕ್ಷೆ ಮೊದಲು.

ಸೊನ್ನೆ ರೂಪಾಯಿ: ಎಂಜಿನ್ ಆಫ್ ಮಾಡಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಪಂಪ್ ಮೇಲಿನ ಲಿವರ್ ಕೊನೆತನಕ ಹೋಗುತ್ತಾ ನೋಡಿ. ಎಂಜಿನ್ ಸದ್ದು ಏರುತ್ತೆ, ಗಾಡಿ ಸ್ಪೀಡ್ ಏರಲ್ಲ ಅಂದ್ರೆ ಕ್ಲಚ್ ಜಾರ್ತಿದೆ. ಸಮತಟ್ಟಲ್ಲಿ ನ್ಯೂಟ್ರಲ್ ಮಾಡಿ ತಳ್ಳಿದ್ರೂ ಉರುಳ್ತಿಲ್ಲ ಅಂದ್ರೆ ಬ್ರೇಕ್ ಹಿಡ್ಕೊಂಡಿದೆ. ಈ ಎರಡಕ್ಕೂ ಪಾಪ, ಎಂಜಿನ್ ಏನು ಮಾಡುತ್ತೆ?

ಕೆಲವು ನೂರು: ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್. ಫಿಲ್ಟರ್ ತಳದಲ್ಲಿ ನಿಂತಿರೋ ನೀರು ಬಸಿಯಿರಿ, ನಮ್ಮ ಮಳೆಗಾಲದಲ್ಲಂತೂ ಮರೀಬೇಡಿ.

ಆಮೇಲೆ ಟ್ಯಾಪೆಟ್, ನಾಜಲ್ ಟೆಸ್ಟ್. ಕಟ್ಟಕಡೆಗೆ ಕಂಪ್ರೆಷನ್, ಅದೂ ಡೀಸೆಲ್ ಗೇಜಲ್ಲೇ. ಡೀಸೆಲ್ ಎಂಜಿನ್ ಒತ್ತಡಕ್ಕೆ ಪೆಟ್ರೋಲ್ ಗೇಜ್ ಸಾಲಲ್ಲ. ಅಲ್ಲಿ ನಂಬರ್ ಕಡಿಮೆ ಬಂದ್ರೆ ಇಳಿಸಿ, ನಾನೇ ಕೈ ಜೋಡಿಸ್ತೀನಿ. ನನ್ನ ಜಗಳ ನಂಬರ್ ಇಲ್ಲದ ತೀರ್ಪಿನ ಜೊತೆ.

5/6
ಈಗ ಕಹಿ ಮಾತು. ತಪ್ಪು ಬರೀ ಗ್ಯಾರೇಜಿನದ್ದಲ್ಲ. ಡಾಕ್ಟರ್‌ಗೆ ನೋಡಿದ್ದಕ್ಕೇ ಫೀಸ್ ಕೊಡ್ತೀವಿ. ಮೆಕ್ಯಾನಿಕ್ ಎರಡು ಗಂಟೆ ಹುಡುಕಿ ಒಂದು ಪೈಪ್ ಬದಲಿಸಿದ್ರೆ "ಇಷ್ಟಕ್ಕೆ ಇಷ್ಟು ದುಡ್ಡಾ?" ಅಂತ ಚೌಕಾಸಿ ಮಾಡ್ತೀವಿ. ಅದೇ ಎಂಜಿನ್ ಇಳಿಸಿದವರಿಗೆ ಹತ್ತಾರು ಸಾವಿರ ಸುಮ್ನೆ ಎಣಿಸಿ ಕೊಡ್ತೀವಿ. ಹುಡುಕೋ ಬುದ್ಧಿಗೆ ಬೆಲೆ ಇಲ್ಲ, ಬಿಚ್ಚೋ ಸ್ಪ್ಯಾನರ್‌ಗೆ ಬೆಲೆ ಇದೆ ಅಂದ್ರೆ ಯಾರು ತಾನೇ ಹುಡುಕ್ತಾರೆ?

ಇನ್ನು "ಹಳೇದು ಬಿಸಾಕಿ ಹೊಸದು ತಗೊಳ್ಳಿ" ಅನ್ನೋರು. ಇಎಂಐ ಅವರು ಕಟ್ಟಲ್ಲ ಮಾರಾಯ್ರೆ.

6/6
1923ರಿಂದ ಕಬ್ಬಿಣ ಕರಗಿಸಿದ ಊರು ಭದ್ರಾವತಿ. ಉಕ್ಕು ಎರಕ ಹೊಯ್ಯೋ ಮುಂಚೆ ಸ್ಯಾಂಪಲ್ ತೆಗೆದು ಲ್ಯಾಬಲ್ಲಿ ನೋಡ್ತಾರೆ, ಕಣ್ಣಂದಾಜಲ್ಲಿ ಬಿಡಲ್ಲ. ಆ ಊರಿನ ಪಕ್ಕದಲ್ಲೇ ಇದ್ಕೊಂಡು ನಾವು ಅಂದಾಜಿಗೆ ಎಂಜಿನ್ ಬಿಚ್ಚಿಸ್ತೀವಿ.

ಮುಂದಿನ ಸಲ ಮೂರು ಮಾತು ಕೇಳಿ: ಏನು ಟೆಸ್ಟ್ ಮಾಡಿದ್ರಿ? ಏನು ಬಂತು, ತೋರಿಸ್ತೀರಾ? ಹಳೇ ಪಾರ್ಟ್ ವಾಪಸ್ ಕೊಡ್ತೀರಾ? ಮೂರಕ್ಕೂ ಉತ್ತರ ಕೊಟ್ಟವರಿಗೆ ಚೌಕಾಸಿ ಮಾಡದೆ ಫೀಸ್ ಕೊಡಿ, ಅವರ ಬಗ್ಗೆ ಒಂದು ರೀಲ್ ಮಾಡಿ.

ಸೇವ್ ಮಾಡ್ಕೊಳ್ಳಿ. ಮನೇಲಿ ಪಿಕಪ್ ಇರೋ ಫ್ರೆಂಡ್‌ಗೆ ಕಳ್ಸಿ.

#ಶಿವಮೊಗ್ಗ #ಭದ್ರಾವತಿ #ಹಳೇಪಿಕಪ್ #ಕಾರಣತೋರಿಸಿ