‘ಬೇಡ’ ಅನ್ನೋಕೂ ಒಂದು ಪುಟ ಬೇಕು

ಏಳು ತಿಂಗಳ ಹಿಂದೆ ನಮ್ಮ ಟೀಮ್‌ನ ಹುಡುಗನೊಬ್ಬ ನನಗೆ ಉದ್ದದ ಮೆಸೇಜ್ ಕಳಿಸಿದ್ದ. ಮೂರು ಉದಾಹರಣೆ ಬೇರೆ ಕೊಟ್ಟಿದ್ದ. ನಾನಾಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಕ್ಯಾಬ್ ಒಳಗಿದ್ದೆ. ಪೂರ್ತಿ ಓದಲಿಲ್ಲ. ‘ಬೇಡ ಬಿಡು, ಸಿಂಪಲ್ ಆಗಿರ್ಲಿ’ ಅಂತ ಟೈಪ್ ಮಾಡಿ ಫೋನ್ ಜೇಬಿಗಿಟ್ಟೆ. ಅವನು ಒಂದು ಥಮ್ಸಪ್ ಹಾಕಿ ಸುಮ್ಮನಾದ. ಮ್ಯಾಟರ್ ಮುಗೀತು ಅಂದ್ಕೊಂಡೆ.

ಮ್ಯಾಟರ್ ಏನಂದ್ರೆ, ನಮ್ಮ ಆಫೀಸಿನಲ್ಲಿ ರಿಯಾಯಿತಿ ಲೆಕ್ಕ ಹಾಕೋಕೆ ಒಂದು ಪುಟ್ಟ ಭಾಷೆ ಇದೆ. ನಾವೇ ಮಾಡ್ಕೊಂಡಿದ್ದು. ಅಕೌಂಟ್ಸ್‌ನವರು ಅದರಲ್ಲಿ ನಿಯಮ ಬರೀತಾರೆ: ಬಿಲ್ ಇಷ್ಟು ದಾಟಿದ್ರೆ ಇಷ್ಟು ಕಡಿತ, ಹಳೇ ಗ್ರಾಹಕರಾದ್ರೆ ಇನ್ನಷ್ಟು. ಒಂದೇ ಲೆಕ್ಕ ಒಂದು ನಿಯಮದಲ್ಲಿ ಮೂರು ಕಡೆ ಬೇಕಾದ್ರೆ ಮೂರು ಸಲವೂ ಪೂರ್ತಿ ಬರೀಬೇಕು. ಆ ಲೆಕ್ಕಕ್ಕೊಂದು ಹೆಸರಿಟ್ಟು, ಆಮೇಲೆ ಹೆಸರನ್ನಷ್ಟೇ ಬಳಸೋ ಹಾಗಿದ್ರೆ ಒಳ್ಳೇದಲ್ವಾ ಅನ್ನೋದು ಅವನ ಸಲಹೆ. ಆ ಭಾಷೆ ನೋಡ್ಕೊಳ್ಳೋನು ನಾನು. ಹಾಗಾಗಿ ‘ಬೇಡ’ ಅನ್ನೋ ಹಕ್ಕೂ ನಂದೇ.

ಹೋದ ತಿಂಗಳು ಒಂದು ನಿಯಮ ತಿದ್ದಬೇಕಾಯ್ತು. ಮೂರು ಕಡೆ ಇದ್ದ ಲೆಕ್ಕವನ್ನು ನಾನು ಎರಡು ಕಡೆ ಮಾತ್ರ ಬದಲಾಯಿಸಿದೆ. ಅರ್ಧ ದಿನ ತಪ್ಪು ಬಿಲ್ ಹೋಯ್ತು. ಸರಿ ಮಾಡಿ, ಬೈಸಿಕೊಂಡು, ಟೀ ಕುಡಿಯೋಕೆ ಹೋದಾಗ ಆ ಹುಡುಗ ಪಕ್ಕದಲ್ಲಿದ್ದ.

“ಅಣ್ಣಾ, ರಿವ್ಯೂ ಮಾಡುವಾಗ ಮೂರನೇದು ಹಾಗೇ ಉಳಿದಿದ್ದು ನೋಡಿದ್ದೆ” ಅಂದ.

“ಹೇಳಬಾರದಿತ್ತೇನೋ?”

“ಹೇಳೋಣ ಅಂದ್ಕೊಂಡೆ. ನೀವು ಬೇಕಂತಲೇ ಬಿಟ್ಟಿರಬೇಕು ಅನ್ನಿಸ್ತು. ಸುಮ್ಮನಾದೆ.”

ಟೀ ಗಂಟಲಲ್ಲಿ ಇಳೀಲಿಲ್ಲ. ಏಳು ತಿಂಗಳಿಂದ ಅವನು ಒಂದೇ ಒಂದು ಸಲಹೆ ಕೊಟ್ಟಿಲ್ಲ ಅನ್ನೋದು ಆಗ ಹೊಳೀತು.

ಪೈಥಾನ್ ಬಳಸುವವರಿಗೆ ‘ವಾಲ್ರಸ್’ ಜಗಳ ಗೊತ್ತಿರುತ್ತೆ. ಅದೂ ಹೆಚ್ಚುಕಡಿಮೆ ಇದೇ ಸಲಹೆ. ಫ್ರಿಜ್ ತೆಗೆದು ಹಾಲಿದೆಯಾ ಅಂತ ನೋಡಿ, ಬಾಗಿಲು ಹಾಕಿ, ಮತ್ತೆ ತೆಗೆದು ಪ್ಯಾಕೆಟ್ ಎತ್ತಿಕೊಳ್ಳೋದು ಒಂದು ರೀತಿ. ಪ್ಯಾಕೆಟ್ ಕೈಗೆ ತಗೊಂಡೇ ಇದೆಯಾ ಅಂತ ನೋಡೋದು ಇನ್ನೊಂದು ರೀತಿ. ಈ ಎರಡನೇದನ್ನು ಒಂದೇ ಸಾಲಲ್ಲಿ ಮಾಡೋಕೆ := ಅನ್ನೋ ಚಿಹ್ನೆ ತರೋಣ ಅಂದರು. ಬೆಲೆಗೆ ಹೆಸರೂ ಇಡಬಹುದು, ಅದನ್ನೇ ಪರೀಕ್ಷೆಯನ್ನೂ ಮಾಡಬಹುದು. ತಲೆ ಓರೆ ಮಾಡಿ ನೋಡಿದ್ರೆ ಎರಡು ಕಣ್ಣು, ಎರಡು ಕೋರೆಹಲ್ಲು. ಹಾಗಾಗಿ ವಾಲ್ರಸ್ ಅನ್ನೋ ಕಡಲಪ್ರಾಣಿಯ ಹೆಸರು.

ಪೈಥಾನ್‌ಗೆ ಹೊಸದೇನಾದ್ರೂ ಸೇರಬೇಕಂದ್ರೆ ‘ಪೆಪ್’ ಅನ್ನೋ ದಾಖಲೆ ಬರೀಬೇಕು. 2000ನೇ ಇಸವಿಯಿಂದ ಇರೋ ಪದ್ಧತಿ ಇದು. ವಾಲ್ರಸ್‌ದು ಪೆಪ್ 572. ಬರೆದವರು ಮೂರು ಜನ. ಅವರಲ್ಲಿ ಒಬ್ಬರು ಪೈಥಾನ್ ಹುಟ್ಟುಹಾಕಿದ ಗೀಡೊ ವಾನ್ ರೋಸಮ್, ಇನ್ನೊಬ್ಬರು ಟಿಮ್ ಪೀಟರ್ಸ್. ಒಂದು ಕೆಲಸಕ್ಕೆ ಎದ್ದು ಕಾಣುವ ದಾರಿ ಒಂದೇ ಇರಲಿ ಅನ್ನೋ ತತ್ವವನ್ನು ಪೈಥಾನ್‌ನವರಿಗೆ ಬರೆದುಕೊಟ್ಟವರೇ ಈ ಪೀಟರ್ಸ್. ವಿರೋಧಿಸಿದವರು ಹಿಡಿದಿದ್ದೂ ಅದೇ ತತ್ವ: ಹೆಸರಿಡೋಕೆ ಈಗಾಗಲೇ ಒಂದು ದಾರಿ ಇದೆ, ಎರಡನೇದು ಯಾಕೆ? ಬರೆಯೋನಿಗೆ ಒಂದು ಸಾಲು ಉಳಿಯುತ್ತೆ, ಓದೋನಿಗೆ ತಲೆನೋವು ಬರುತ್ತೆ. ಎರಡೂ ಕಡೆಯವರು ದಡ್ಡರಲ್ಲ. ಆದ್ರೂ ನೂರಾರು ಇಮೇಲ್ ಓಡಾಡಿ, ಮಾತು ಬಿಸಿಯಾಯ್ತು.

ಕೊನೆಗೆ ಪೆಪ್ ಪಾಸಾಯ್ತು. ಆದರೆ 2018ರ ಜುಲೈ 12ರಂದು ಗೀಡೊ ನಾಯಕತ್ವವನ್ನೇ ಬಿಟ್ಟರು. ಒಂದು ಪೆಪ್‌ಗಾಗಿ ಇಷ್ಟು ಹೋರಾಡಿ, ಅಷ್ಟಾದ ಮೇಲೂ ಎಷ್ಟೋ ಜನ ತಮ್ಮ ತೀರ್ಮಾನವನ್ನು ಹೀಗಳೆಯೋದನ್ನು ಇನ್ನು ನೋಡಲಾರೆ ಅನ್ನೋ ಅರ್ಥದಲ್ಲಿ ಬರೆದರು. 1991ರಲ್ಲಿ ಮೊದಲ ಆವೃತ್ತಿ ಹೊರತಂದ ಮನುಷ್ಯ. ಗೆದ್ದೂ ಸುಸ್ತಾಗಿದ್ದರು. 2019ರಿಂದ ಐದು ಜನರ ಚುನಾಯಿತ ಮಂಡಳಿ ಆ ಜಾಗದಲ್ಲಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.8ರಲ್ಲಿ ವಾಲ್ರಸ್ ಕೂಡ ಬಂತು.

ಈ ಕಥೆಯನ್ನು ನಾನು ಎಷ್ಟೋ ಸಲ ಸ್ನೇಹಿತರಿಗೆ ಹೇಳಿದ್ದೆ. ಆದರೆ ಆ ಪೆಪ್ ಕೂತು ಓದಿದ್ದು ಟೀ ಅಂಗಡಿಯಿಂದ ಮನೆಗೆ ಬಂದ ರಾತ್ರಿಯೇ. ಅದರಲ್ಲಿ ತಿರಸ್ಕರಿಸಿದ ಪರ್ಯಾಯಗಳಿಗೇ ಒಂದು ದೊಡ್ಡ ಭಾಗ ಇದೆ. := ಬದಲು ‘ಆಸ್’ ಅನ್ನೋ ಪದ ಬಳಸೋಣ ಅಂತ ಕೆಲವರು ಹೇಳಿದ್ದರು. ಓದೋಕೆ ಚೆನ್ನಾಗಿದೆ. ಆದರೆ ಆ ಪದಕ್ಕೆ ಪೈಥಾನ್‌ನಲ್ಲಿ ಬೇರೆ ಕಡೆ ಬೇರೆ ಅರ್ಥ ಇದೆ, ಗೊಂದಲ ಆಗುತ್ತೆ ಅಂತ ಬಿಟ್ಟರು. ಬಿಟ್ಟರು ಅನ್ನೋದರ ಜೊತೆ ಯಾಕೆ ಬಿಟ್ಟರು ಅಂತಲೂ ಬರೆದಿಟ್ಟಿದ್ದಾರೆ. ಸಲಹೆ ಬಿತ್ತು, ಕೊಟ್ಟವನ ಮಾತು ಮಾತ್ರ ಕಸದ ಬುಟ್ಟಿಗೆ ಹೋಗಲಿಲ್ಲ. ಇವತ್ತು ಪೆಪ್ ಬರೆಯೋರಿಗೆ ಇರೋ ಮಾದರಿಯಲ್ಲೂ ಆ ಭಾಗ ಇದೆ, ಜೊತೆಗೆ ‘ಇದನ್ನು ಹೇಗೆ ಕಲಿಸ್ತೀರಿ’ ಅನ್ನೋದೂ ಒಂದು.

ಮರುದಿನ ಹುಡುಗನ ಹಳೇ ಮೆಸೇಜ್ ಹುಡುಕಿ, ಅವನ ಸಲಹೆ ಯಾಕೆ ಬೇಡ ಅಂತ ಒಂದು ಪುಟ ಬರೆಯೋಕೆ ಕೂತೆ. ನಿಜ ಹೇಳ್ತೀನಿ, ಎರಡನೇ ಪ್ಯಾರಾ ದಾಟೋಕೆ ಆಗ್ಲಿಲ್ಲ. ‘ಸಿಂಪಲ್ ಆಗಿರ್ಲಿ’ ಅನ್ನೋದು ತಲೆಯೊಳಗೆ ಕಾರಣದ ಹಾಗೆ ಕಾಣ್ತಿತ್ತು. ಬರೆದಾಗ ಅದು ನನ್ನ ಸೋಮಾರಿತನ ಅಂತ ಗೊತ್ತಾಯ್ತು. ಅವನು ಕೊಟ್ಟ ಮೂರು ಉದಾಹರಣೆಯಲ್ಲಿ ಒಂದು, ನಾನು ತಪ್ಪು ಮಾಡಿದ ಅದೇ ನಿಯಮ.

ಕೊನೆಗೆ ಉಳಿದಿದ್ದು ಒಂದೇ ಗಟ್ಟಿ ಕಾರಣ. ನಿಯಮದ ಮಧ್ಯದಲ್ಲಿ ಎಲ್ಲಿ ಬೇಕಾದ್ರೂ ಹೆಸರಿಡೋಕೆ ಬಿಟ್ರೆ, ಯಾವ ಹೆಸರು ಎಲ್ಲಿ ಹುಟ್ಟಿತು ಅಂತ ಅಕೌಂಟ್ಸ್‌ನ ಮೇಡಂ ಹುಡುಕ್ತಾ ಕೂರಬೇಕು. ಇದನ್ನು ಅವನಿಗೆ ತೋರಿಸಿದೆ. ಅರ್ಧ ಗಂಟೆ ವಾದ ಮಾಡಿದ, ನಂಗೂ ಅದೇ ಬೇಕಿತ್ತು. ಹೆಸರುಗಳೆಲ್ಲ ನಿಯಮದ ತಲೆಯಲ್ಲಿ ಮಾತ್ರ ಇರಲಿ, ಮಧ್ಯದಲ್ಲಿ ಬೇಡ ಅನ್ನೋದಕ್ಕೆ ಬಂದು ನಿಂತಿದ್ದೀವಿ. ಮೇಡಂ ಎರಡು ನಿಯಮ ಹೊಸ ರೀತಿಯಲ್ಲಿ ಬರೆದು ನೋಡ್ತೀನಿ ಅಂದಿದ್ದಾರೆ. ಅವರು ಒಪ್ಪದಿದ್ರೆ ಇದೂ ಬೀಳಬಹುದು.

ಆ ಪುಟ ಈಗ ಟೀಮ್‌ನ ಫೋಲ್ಡರ್‌ನಲ್ಲಿದೆ. ಮೇಲೆ ಅವನ ಹೆಸರು, ಕೆಳಗೆ ನಾವು ಬೇಡ ಅಂದ ನಾಲ್ಕು ದಾರಿ, ಒಂದೊಂದಕ್ಕೂ ಕಾರಣ. ನಿಮ್ಮ ಟೀಮ್‌ನಲ್ಲೂ ಥಮ್ಸಪ್ ಹಾಕಿ ಸುಮ್ಮನಾದವರು ಯಾರಾದ್ರೂ ಇದ್ರೆ, ಹಳೇ ಮೆಸೇಜ್ ಒಂದ್ಸಲ ತೆಗೆದು ಓದಿ. ಕ್ಯಾಬ್‌ನಲ್ಲಿ ಕೂತು ಬೇಡ, ಪುರುಸೊತ್ತಾಗಿ.

ನಿನ್ನೆ ಅವನು ಇನ್ನೊಂದು ಮೆಸೇಜ್ ಕಳಿಸಿದ್ದಾನೆ. ಇದೂ ಉದ್ದವೇ ಇದೆ.