ಅಟ್ಟದ ಗಂಟು: ಹಲಗಲಿಯ ಬಂದೂಕು ಹೌದೋ, ಅಲ್ಲೋ?

ಮಕ್ಕಳೇ, ಅಜ್ಜ-ಅಜ್ಜಿಯರೇ, ಹುನಗುಂದ ಕಡೆಯ ಒಂದು ಹಳ್ಳಿಯಿಂದ ಏಳನೆಯ ತರಗತಿಯ ಹುಡುಗಿ ಪತ್ರ ಬರೆದಿದ್ದಳು: ‘ನಮ್ಮ ಪಡಸಾಲಿ ಗ್ವಾಡಿ ಮ್ಯಾಲೆ ಹಳೇ ಬಂದೂಕು ಐತಿ. ಅದು ಹಲಗಲಿ ಬ್ಯಾಡರದು ಅಂತ ನಮ್ಮಜ್ಜ ಹೇಳ್ತಾನ. ಯಾರೋ ಬಂದು ಲಕ್ಷ ರೂಪಾಯಿ ಕೊಡ್ತೀವಿ ಅಂದಾರ. ಇದು ಖರೇ ಏನು?’

ಹಲಗಲಿ ನಮ್ಮ ಬಾಗಲಕೋಟೆ ಜಿಲ್ಲೆಯದೇ ಊರು, ಮುಧೋಳದ ಹತ್ತಿರ. 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದರು. ಬೇಟೆಯಿಂದ ಬದುಕುವ ಬೇಡರಿಗೆ ಆಯುಧ ಕೊಡುವುದೆಂದರೆ ಕೈ ಕಡಿದು ಕೊಟ್ಟಂತೆ. ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಕಥೆ ಇಂದಿಗೂ ಲಾವಣಿಯಾಗಿ ಉಳಿದಿದೆ.

ಹೀಗಿರುವಾಗ ಆ ಬಂದೂಕು ನಿಜವಾದರೆ ಸಣ್ಣ ಮಾತಲ್ಲ. ನಾನು ಹೊರಟೆ.

ಮೊದಲ ಪಾಠ: ಹಳೆಯ ಬಂದೂಕನ್ನು ಮಕ್ಕಳು ಮುಟ್ಟಬಾರದು. ಬಾಯಿಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಎಂದೋ ತುಂಬಿದ ಮದ್ದು ಹಾಗೇ ಉಳಿದಿರಬಹುದು. ಆದ್ದರಿಂದ ಬಂದೂಕು ರಿಪೇರಿ ಬಲ್ಲವರೊಬ್ಬರನ್ನು ಕರೆದೊಯ್ದಿದ್ದೆ. ನಳಿಗೆ ಖಾಲಿ ಎಂದು ಅವರು ಖಚಿತಪಡಿಸಿದ ಮೇಲೆಯೇ ನೋಡಲು ಕುಳಿತೆವು.

ಇಳಕಲ್ ಸೀರೆ ಕೊಳ್ಳುವಾಗ ಅಜ್ಜಿ ಏನು ನೋಡುತ್ತಾಳೆ? ಬಣ್ಣಕ್ಕೆ ಮರುಳಾಗುವುದಿಲ್ಲ. ಸೆರಗಿನ ಎಳೆಗೂ ಒಡಲಿನ ಎಳೆಗೂ ಹಾಕಿದ ಕೊಂಡಿಯನ್ನು ಹುಡುಕುತ್ತಾಳೆ. ಬಂದೂಕಿನಲ್ಲಿಯೂ ಹಾಗೆಯೇ, ಕುದುರೆಯ ಪಕ್ಕದ ಕಬ್ಬಿಣದ ತಗಡನ್ನು ನೋಡಬೇಕು. ಬ್ರಿಟಿಷ್ ಸೈನ್ಯದ ಬಂದೂಕಾದರೆ ಅಲ್ಲಿ ಕಿರೀಟದ ಗುರುತು, ಅನೇಕ ಸಲ ಇಸವಿ ಇರುತ್ತದೆ. ಕಿರೀಟದ ಕೆಳಗಿನ ‘ವಿ. ಆರ್.’ ಎಂದರೆ ವಿಕ್ಟೋರಿಯಾ ರಾಣಿ. ಆಕೆ ತೀರಿಕೊಂಡದ್ದು 1901ರಲ್ಲಿ. ‘ವಿ. ಆರ್.’ ಕೆಳಗೆ 1907 ಎಂದಿದ್ದರೆ ಅನುಮಾನಪಡಿ. ಖೈಬರ್ ಕಣಿವೆಯ ಕಡೆ ಕೈಯಿಂದ ಮಾಡಿದ ನಕಲುಗಳಲ್ಲಿ ಇಂಗ್ಲಿಷಿನ ‘ಎನ್’ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದೂ ಉಂಟು.

ಹುಡುಗಿಯೇ ಭೂತಗನ್ನಡಿ ಹಿಡಿದು ಓದಿದಳು. ಕಿರೀಟ ಸರಿ. ಅಕ್ಷರಗಳು ಸರಿ. ಇಸವಿ 1862. ತಗಡು ಕಟ್ಟಿಗೆಯ ಗುಳಿಯಲ್ಲಿ ಕೂದಲೆಳೆ ಸಂದಿಲ್ಲದೆ ಕೂತಿತ್ತು, ಆಮೇಲೆ ಬದಲಿಸಿದ್ದಲ್ಲ.

‘ಅಜ್ಜಾ, ಹಲಗಲಿ ಆಗಿದ್ದು 1857ಕ್ಕ. ಇದು ಹುಟ್ಟಿದ್ದ ಐದು ವರ್ಷ ಆದಮ್ಯಾಲೆ!’

ಅಜ್ಜ ಸುಮ್ಮನಾದರು. ನಲವತ್ತು ವರ್ಷ ಹೇಳಿಕೊಂಡು ಬಂದ ಕಥೆ ಅದು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಟ್ರಂಕಿನಿಂದ ಮಡಿಚಿದ ಕಾಗದ ತಂದರು. ಅವರ ಅಪ್ಪನ ಹೆಸರಿನ ಹಳೆಯ ಪರವಾನಗಿ: ಬೆಳೆಯ ರಕ್ಷಣೆಗೆ. ‘ನಮ್ಮಪ್ಪ ಜ್ವಾಳದ ಹೊಲದಾಗ ಹಂದಿ ಕಾಯ್ತಿದ್ದ. ಅದನ್ನ ಹೇಳಿದ್ರ ಯಾರು ಕೇಳ್ತಾರ ಅಂತ ಹಲಗಲಿ ಅಂದೆ’ ಎಂದರು.

‘ನಾ ಕೇಳ್ತೀನಿ, ಹೇಳಜ್ಜಾ’ ಎಂದಳು ಮೊಮ್ಮಗಳು.

ಬಂದೂಕು ಅಸಲಿ, ಕಥೆ ಮಾತ್ರ ಬೇರೆ. ಲಕ್ಷ ಎಂದವರು ತಗಡನ್ನೂ ನೋಡಿರಲಿಲ್ಲ, ಕಾಗದವನ್ನೂ ಕೇಳಿರಲಿಲ್ಲ. ಹಳೆಯ ವಸ್ತುವಿನ ಬೆಲೆ ನಿಲ್ಲುವುದು ಗುರುತು, ಸ್ಥಿತಿ, ದಾಖಲೆಗಳ ಮೇಲೆ. ಮರಳುಕಾಗದ ಹಾಕಿ ಫಳಫಳ ಹೊಳಿಸಿದರೆ ಗುರುತು ಅಳಿದು ಬೆಲೆ ಇಳಿಯುತ್ತದೆ. 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ಪುರಾತನ ವಸ್ತುಗಳನ್ನು ನಾವು ನೀವು ಪರದೇಶಕ್ಕೆ ಮಾರುವಂತಿಲ್ಲ. ಮನೆಯಲ್ಲಿ ಬಂದೂಕು ಇದ್ದರೆ ಪೊಲೀಸ್ ಠಾಣೆಗೆ ತಿಳಿಸಿ, ಪರವಾನಗಿಯ ವಿಷಯ ವಿಚಾರಿಸಬೇಕು. ಅಜ್ಜ ಮರುದಿನವೇ ಕಾಗದ ಹಿಡಿದು ಹೋಗಿ ಬಂದರು.

ಮಕ್ಕಳೇ, ಈ ವಾರದ ಕೆಲಸ: ಮನೆಯ ಹಿತ್ತಾಳೆ ತಂಬಿಗೆ, ಕೊಡಗಳ ಮೇಲೆ ಹೆಸರು, ಇಸವಿ ಕೊರೆದಿದೆಯೇ ಹುಡುಕಿ. ಅದು ಯಾರದೆಂದು ಅಜ್ಜಿಯನ್ನು ಕೇಳಿ ಬರೆದಿಡಿ. ನನಗೂ ಒಂದು ಕಾರ್ಡು ಹಾಕಿ.